ಓದುಗರ ಪ್ರಶ್ನೆಗಳಿಗೆ ಉತ್ತರ: ಫ್ರೆಂಚ್ ನಿಂಬೆ ಟಾರ್ಟ್ ಮತ್ತು ನಮ್ಮ ಮನೆಯ ಓವನ್

ಫ್ರಾನ್ಸಿನ ಸಿಹಿತಿಂಡಿ ಅಂಗಡಿಗಳಲ್ಲಿ ‘ತಾರ್ತ್ ಓ ಸಿತ್ರೋನ್’ ಎಂದು ಕರೆಯುವ ನಿಂಬೆ ಟಾರ್ಟ್ ಕುರಿತು ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕೆಟ್ಟುಹೋದ ಟಾರ್ಟ್‌ಗಳ ಕಥೆಯನ್ನೇ ಹೇಳಿವೆ. ಒಬ್ಬರಿಗೆ ಅಂಚು ಕುಸಿದಿದೆ, ಇನ್ನೊಬ್ಬರಿಗೆ ತಳ ಮೆತ್ತಗಾಗಿದೆ, ಮತ್ತೊಬ್ಬರಿಗೆ ನಡುವೆ ಬಿರುಕು ಬಿಟ್ಟಿದೆ. ಎಲ್ಲ ಪತ್ರಗಳನ್ನೂ ಒಟ್ಟಿಗೆ ಓದಿದಾಗ ಈ ತೊಂದರೆಗಳ ಬೇರು ಒಂದೇ ಕಡೆ ಇದೆ ಎಂದು ನನಗೆ ಅನ್ನಿಸಿತು. ಹೋಳಿಗೆಯ ಹಾಗೆ ಈ ತಿನಿಸಿನಲ್ಲೂ ಹೊರಗೆ ಕಣಕ, ಒಳಗೆ ಹೂರಣ. ಆದರೆ ಇಲ್ಲಿ ಕಣಕಕ್ಕೆ ಜೋರಾದ, ದೀರ್ಘವಾದ ಬಿಸಿ ಬೇಕು. ಮೊಟ್ಟೆ ಮತ್ತು ನಿಂಬೆರಸದ ಹೂರಣಕ್ಕೆ ಅದೇ ಬಿಸಿ ತಗುಲಿದರೆ ಅದು ಒಡೆದುಹೋಗುತ್ತದೆ. ಎರಡನ್ನೂ ಒಂದೇ ಶಾಖದಲ್ಲಿ ಒಟ್ಟಿಗೆ ಬೇಯಿಸಲು ಹೊರಟಲ್ಲಿ ಯಾವುದಾದರೂ ಒಂದು ಕೆಡಲೇಬೇಕು. ಮುಂದಿನ ಉತ್ತರಗಳಲ್ಲಿ ಕಣಕ, ಹೂರಣ ಎಂಬ ನಮ್ಮ ಅಡುಗೆಮನೆಯ ಪದಗಳನ್ನೇ ಬಳಸಿದ್ದೇನೆ. ಅಚ್ಚಿನಲ್ಲಿ ಕೂರಿಸಿ ಬೇಯಿಸಿದ ಕಣಕವನ್ನು ಬಟ್ಟಲು ಎಂದು ಕರೆದಿದ್ದೇನೆ.

ಪ್ರಶ್ನೆ: ಒಂದು ವಿಧಾನದಲ್ಲಿ ನಿಂಬೆಯ ಮಿಶ್ರಣವನ್ನು ಹಸಿಯಾಗಿಯೇ ಸುರಿದು ಓವನ್‌ನಲ್ಲಿ ಬೇಯಿಸಲು ಹೇಳಿದೆ, ಇನ್ನೊಂದರಲ್ಲಿ ಒಲೆಯ ಮೇಲೆ ಕ್ರೀಮ್ ಕಾಯಿಸಿ, ತುಂಬಿ, ಫ್ರಿಜ್‌ನಲ್ಲಿಡಲು ಹೇಳಿದೆ. ನಿಜವಾದ ಫ್ರೆಂಚ್ ಟಾರ್ಟ್ ಯಾವುದು? ಅಳತೆಗಳನ್ನೂ ತಿಳಿಸಿ. (ಮೈಸೂರಿನ ಓದುಗರು)

ಉತ್ತರ: ಎರಡೂ ನಿಜವಾದವೇ. ಮೊಟ್ಟೆ, ಸಕ್ಕರೆ, ನಿಂಬೆರಸ ಮತ್ತು ಕ್ರೀಮನ್ನು ಕಲಸಿ, ಮೊದಲೇ ಬೇಯಿಸಿಟ್ಟ ಬಟ್ಟಲಿಗೆ ಸುರಿದು, ಸಣ್ಣ ಉರಿಯ ಓವನ್‌ನಲ್ಲಿ ಗಟ್ಟಿಯಾಗಿಸುವುದು ಒಂದು ಪರಂಪರೆ. 1967ರಲ್ಲಿ ಲಂಡನ್ನಿನಲ್ಲಿ ‘ಲ ಗಾವ್ರೋಶ್’ ರೆಸ್ಟೋರೆಂಟ್ ತೆರೆದ ಫ್ರೆಂಚ್ ಬಾಣಸಿಗರಾದ ಆಲ್ಬೇರ್ ರೂ ಮತ್ತು ಮಿಶೆಲ್ ರೂ ಸಹೋದರರ ಕೈಯಲ್ಲಿ ಈ ಬಗೆಯ ಟಾರ್ಟ್ ಇಂಗ್ಲೆಂಡಿನಲ್ಲೂ ಹೆಸರಾಯಿತು. ಮೊಟ್ಟೆ, ಸಕ್ಕರೆ ಮತ್ತು ರಸವನ್ನು ಒಲೆಯ ಮೇಲೆ ತಿರುವುತ್ತ ದಪ್ಪವಾಗಿಸಿ, ಬೆಣ್ಣೆ ಸೇರಿಸಿ, ಬೆಂದ ಬಟ್ಟಲಿಗೆ ತುಂಬುವುದು ಇನ್ನೊಂದು ಪರಂಪರೆ. ಪ್ಯಾರಿಸ್‌ನ ಪ್ರಸಿದ್ಧ ಪೇಸ್ಟ್ರಿ ಬಾಣಸಿಗ ಪಿಯೆರ್ ಎರ್ಮೆ ಇದನ್ನು ಬಹಳ ನಯಗೊಳಿಸಿದರು: ಕ್ರೀಮನ್ನು ಸುಮಾರು 82 ಡಿಗ್ರಿಯವರೆಗೆ ಕಾಯಿಸಿ, ಸೋಸಿ, 60 ಡಿಗ್ರಿಗೆ ಇಳಿದ ಮೇಲೆ ಮಾತ್ರ ಬೆಣ್ಣೆಯನ್ನು ತುಂಡುತುಂಡಾಗಿ ಸೇರಿಸಿ ಮಿಕ್ಸಿಯಲ್ಲಿ ತಿರುಗಿಸುವುದು ಅವರ ಕ್ರಮ. ಅಷ್ಟು ಬಿಸಿಯಲ್ಲಿ ಬೆಣ್ಣೆ ಎಣ್ಣೆಯಾಗಿ ಬೇರ್ಪಡದೆ ರಸದೊಂದಿಗೆ ಒಂದಾಗುತ್ತದೆ, ಬಾಯಿಗೆ ರೇಷ್ಮೆಯಂತೆ ಹತ್ತುತ್ತದೆ.

ಮನೆಯಲ್ಲಿ ಮೊದಲ ಬಾರಿ ಮಾಡುವವರಿಗೆ ನಾನು ಓವನ್‌ನಲ್ಲಿ ಬೇಯಿಸುವ ವಿಧಾನವನ್ನೇ ಹೇಳುತ್ತೇನೆ. ಅದರಲ್ಲಿ ಬೆಣ್ಣೆ ಕಡಿಮೆ, ನಿಂಬೆಯ ಹುಳಿ ಹೆಚ್ಚು ಸ್ಪಷ್ಟ, ಕತ್ತರಿಸಿದ ತುಂಡು ತಟ್ಟೆಯಲ್ಲಿ ನೆಟ್ಟಗೆ ನಿಲ್ಲುತ್ತದೆ. 22 ಸೆಂಟಿಮೀಟರ್ ಅಗಲದ, ಎರಡೂವರೆ ಸೆಂಟಿಮೀಟರ್ ಎತ್ತರದ, ತಳ ಬಿಚ್ಚಿ ಬರುವ ಅಚ್ಚಿಗೆ ಕಣಕದ ಅಳತೆ ಹೀಗೆ: ಉಪ್ಪಿಲ್ಲದ ಬೆಣ್ಣೆ 120 ಗ್ರಾಂ, ಪುಡಿ ಸಕ್ಕರೆ 80 ಗ್ರಾಂ, ಬಾದಾಮಿ ಪುಡಿ 25 ಗ್ರಾಂ, ಮೈದಾ 220 ಗ್ರಾಂ, ಒಂದು ಮೊಟ್ಟೆ ಮತ್ತು ಚಿಟಿಕೆ ಉಪ್ಪು. ಸ್ವಲ್ಪ ಕಣಕ ಉಳಿಯುತ್ತದೆ. ಅದನ್ನು ಎಸೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ. ಹೂರಣಕ್ಕೆ ಐದು ಮೊಟ್ಟೆ, ಸಕ್ಕರೆ 180 ಗ್ರಾಂ, ನಿಂಬೆರಸ 150 ಮಿಲಿಲೀಟರ್, ದಪ್ಪ ಕ್ರೀಮ್ 125 ಮಿಲಿಲೀಟರ್ ಮತ್ತು ಎರಡು ಹಣ್ಣುಗಳ ಸಿಪ್ಪೆಯ ತುರಿ ಸಾಕು.

ಕಲಸುವ ಕ್ರಮದ ಬಗ್ಗೆ ಒಂದು ಮಾತು. ಮೊದಲು ಸಕ್ಕರೆ ಮತ್ತು ಸಿಪ್ಪೆಯ ತುರಿಯನ್ನು ಅಗಲವಾದ ಪಾತ್ರೆಗೆ ಹಾಕಿ ಬೆರಳ ತುದಿಗಳಿಂದ ಉಜ್ಜಿ. ಒಂದೆರಡು ನಿಮಿಷದಲ್ಲಿ ಸಕ್ಕರೆ ಒದ್ದೆ ಮರಳಿನಂತಾಗಿ, ತೆಳು ಹಳದಿ ಬಣ್ಣ ತಿರುಗಿ, ಅಡುಗೆಮನೆಯ ಬಾಗಿಲವರೆಗೂ ಘಮ ಹರಡುತ್ತದೆ. ನಿಂಬೆಯ ಪರಿಮಳ ಇರುವುದು ಸಿಪ್ಪೆಯ ಎಣ್ಣೆಯಲ್ಲಿ. ರಸ ಕೊಡುವುದು ಹುಳಿಯನ್ನು ಮಾತ್ರ. ಆಮೇಲೆ ಮೊಟ್ಟೆ, ನಂತರ ಕ್ರೀಮ್, ಕೊನೆಯಲ್ಲಿ ರಸ. ನಮ್ಮ ಅಂಗಡಿಗಳಲ್ಲಿ ಸಿಗುವ ಪ್ಯಾಕೆಟ್ಟಿನ ಫ್ರೆಶ್ ಕ್ರೀಮ್‌ನಲ್ಲಿ ಸಾಮಾನ್ಯವಾಗಿ 25 ಶೇಕಡಾ ಕೊಬ್ಬು ಮಾತ್ರ ಇರುವುದರಿಂದ ನೇರವಾಗಿ ರಸ ಬಿದ್ದರೆ ಅದು ಹಾಲಿನಂತೆ ಒಡೆಯುವ ಸಂಭವವಿದೆ. ಮೊಟ್ಟೆ ಮತ್ತು ಸಕ್ಕರೆಯಲ್ಲಿ ಬೆರೆತ ಮೇಲೆ ಆ ಭಯ ಬಹಳ ಕಡಿಮೆ. 35 ಶೇಕಡಾ ಕೊಬ್ಬಿನ ವಿಪ್ಪಿಂಗ್ ಕ್ರೀಮ್ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅದು ಹಾಲಿನದ್ದೇ ಆಗಿರಲಿ. ಸಸ್ಯಜನ್ಯ ಕೊಬ್ಬಿನ, ಸಕ್ಕರೆ ಬೆರೆಸಿದ ಕೇಕ್ ಕ್ರೀಮ್ ಇಲ್ಲಿಗೆ ಹೊಂದುವುದಿಲ್ಲ.

ಪ್ರಶ್ನೆ: ನಮ್ಮ ತೋಟದಲ್ಲೇ ಲಿಂಬಿ ಬೆಳೆಯುತ್ತೇವೆ. ಚಿತ್ರಗಳಲ್ಲಿ ಕಾಣುವ ದೊಡ್ಡ ಹಳದಿ ಹಣ್ಣು ನಮ್ಮಲ್ಲಿ ಸಿಗುವುದಿಲ್ಲ. ನಮ್ಮ ಲಿಂಬಿ ನಡೆಯುತ್ತದೆಯೇ? (ಇಂಡಿ ತಾಲ್ಲೂಕಿನ ಓದುಗರು)

ಉತ್ತರ: ಖಂಡಿತ ನಡೆಯುತ್ತದೆ, ಆದರೆ ಅಳತೆ ಬದಲಾಗಬೇಕು. ಫ್ರೆಂಚರು ‘ಸಿತ್ರೋನ್’ ಎನ್ನುವುದು ದಪ್ಪ ಸಿಪ್ಪೆಯ, ಮೊಟ್ಟೆಯಾಕಾರದ ಹಳದಿ ಹಣ್ಣನ್ನು. ಮೆಡಿಟರೇನಿಯನ್ ತೀರದಲ್ಲಿ ಇಟಲಿಯ ಗಡಿಗೆ ಅಂಟಿಕೊಂಡಿರುವ ಮಾಂತೋನ್ ಎಂಬ ಊರು ಈ ಹಣ್ಣಿಗೆ ಹೆಸರಾಗಿದೆ. ಬೆನ್ನಿಗಿರುವ ಬೆಟ್ಟಗಳು ಚಳಿಗಾಳಿಯನ್ನು ತಡೆಯುವುದರಿಂದ ಅಲ್ಲಿ ನಿಂಬೆ ಚೆನ್ನಾಗಿ ಬೆಳೆಯುತ್ತದೆ. ಪ್ರತಿ ಫೆಬ್ರವರಿಯಲ್ಲಿ ಅಲ್ಲಿ ನಿಂಬೆಯ ಹಬ್ಬ ನಡೆಯುತ್ತದೆ, ಮತ್ತು 2015ರಲ್ಲಿ ಮಾಂತೋನ್ ನಿಂಬೆಗೆ ಯುರೋಪಿನ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ನಿಮ್ಮ ಇಂಡಿ ಲಿಂಬಿಗೂ ನಮ್ಮ ದೇಶದಲ್ಲಿ ಅಂಥದ್ದೇ ಜಿಐ ಮಾನ್ಯತೆ ಇದೆಯೆನ್ನುವುದು ನಿಮಗೆ ಗೊತ್ತೇ ಇರುತ್ತದೆ. ಆದರೆ ಇವೆರಡೂ ಒಂದೇ ಹಣ್ಣಲ್ಲ. ನಮ್ಮದು ಚಿಕ್ಕದು, ಕಾಗದದಂಥ ಸಿಪ್ಪೆಯದು. ಫ್ರೆಂಚರು ‘ಸಿತ್ರೋನ್ ವೇರ್’, ಅಂದರೆ ಹಸಿರು ನಿಂಬೆ, ಎಂದು ಕರೆಯುವ ಗುಂಪಿಗೆ ಅದು ಹತ್ತಿರ. ಅದರ ರಸ ಹೆಚ್ಚು ಚುರುಕು, ಸಿಪ್ಪೆಯ ಬಿಳಿ ಪದರ ಬೇಗ ಕಹಿ ಬಿಡುತ್ತದೆ.

ಆದ್ದರಿಂದ ಇಷ್ಟು ಮಾಡಿ. ಹಣ್ಣಿನ ಲೆಕ್ಕ ಹಿಡಿಯಬೇಡಿ, ರಸವನ್ನು ಅಳೆಯಿರಿ. ‘ಐದು ನಿಂಬೆಹಣ್ಣು’ ಎಂದು ಬರೆದ ಫ್ರೆಂಚ್ ವಿಧಾನವನ್ನು ನಮ್ಮ ಐದು ಹಣ್ಣುಗಳಿಂದ ಮಾಡಿದರೆ ಹೂರಣ ಸಪ್ಪೆಯಾಗಿ, ಬರೀ ಮೊಟ್ಟೆಯ ವಾಸನೆ ಬರುತ್ತದೆ. 150ರ ಬದಲು 130 ಮಿಲಿಲೀಟರ್ ರಸ ತೆಗೆದುಕೊಳ್ಳಿ; ಗಾತ್ರ ನೋಡಿಕೊಂಡು ಏಳರಿಂದ ಹತ್ತು ಹಣ್ಣು ಬೇಕಾದೀತು. ತುರಿಯುವುದಕ್ಕೆ ಪೂರ್ತಿ ಹಳದಿಗೆ ತಿರುಗಿದ ಹಣ್ಣನ್ನೇ ಆರಿಸಿ, ಒಂದು ಜಾಗದಲ್ಲಿ ಒಮ್ಮೆ ಮಾತ್ರ ಹಗುರವಾಗಿ ಎಳೆಯಿರಿ. ಬಿಳಿ ಕಂಡರೆ ಅಲ್ಲಿಗೆ ನಿಲ್ಲಿಸಿ ಹಣ್ಣನ್ನು ತಿರುಗಿಸಿ. ಎರಡರ ಬದಲು ನಾಲ್ಕು ಹಣ್ಣು ತುರಿಯಬೇಕಾಗುತ್ತದೆ. ತುರಿದ ಮೇಲೆಯೇ ಹಣ್ಣನ್ನು ಕತ್ತರಿಸಿ ಹಿಂಡಿ. ಹಿಂಡಿದ ತೆಳು ಸಿಪ್ಪೆಯನ್ನು ತುರಿಯಲು ಆಗುವುದಿಲ್ಲ. ಇನ್ನು ನಗರಗಳಲ್ಲಿ ಆಮದಾದ ಹಳದಿ ಹಣ್ಣು ಕೊಳ್ಳುವವರು ಅದರ ಮೇಲಿನ ಮೇಣವನ್ನು ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದು, ಒರೆಸಿ, ನಂತರ ತುರಿಯಬೇಕು.

ಪ್ರಶ್ನೆ: ಅಚ್ಚಿನಲ್ಲಿ ಅಂದವಾಗಿ ಕೂರಿಸಿದ ಕಣಕ ಓವನ್‌ಗೆ ಹೋದ ಕೂಡಲೇ ಅಂಚಿನಿಂದ ಜಾರಿ, ಕುಗ್ಗಿ, ಅರ್ಧ ಎತ್ತರಕ್ಕೆ ಬರುತ್ತದೆ. ಮೂರು ಬಾರಿ ಹೀಗೆಯೇ ಆಯಿತು. ಎಲ್ಲಿ ತಪ್ಪುತ್ತಿದೆ? (ಬೆಂಗಳೂರಿನ ಓದುಗರು)

ಉತ್ತರ: ನೀವು ಕಣಕವನ್ನು ‘ಚೆನ್ನಾಗಿ ಮೆದುವಾಗುವವರೆಗೆ ನಾದಿದೆ’ ಎಂದು ಪತ್ರದಲ್ಲಿ ಬರೆದಿದ್ದೀರಿ. ತಪ್ಪು ಅಲ್ಲಿಯೇ ಆರಂಭವಾಗಿದೆ. ಹೋಳಿಗೆಯ ಕಣಕ ರಬ್ಬರಿನಂತೆ ಎಳೆಯಬೇಕು, ಹೂರಣದ ಸುತ್ತ ಹರಿಯದೆ ಹಿಗ್ಗಬೇಕು. ಅದಕ್ಕಾಗಿಯೇ ನಾವು ಎಣ್ಣೆ ಹಾಕಿ ನಾದಿ ಗಂಟೆಗಟ್ಟಲೆ ನೆನೆಸುತ್ತೇವೆ. ಟಾರ್ಟ್‌ನ ಕಣಕ ಇದಕ್ಕೆ ನೇರ ವಿರುದ್ಧ: ಅದರಲ್ಲಿ ಎಳೆತವೇ ಇರಬಾರದು. ಮೈದಾಕ್ಕೆ ನೀರು ತಗುಲಿ, ನಾದಿದಷ್ಟೂ ಅದರಲ್ಲಿ ಗ್ಲುಟೆನ್ ಎಂಬ ಜಾಲ ಬೆಳೆಯುತ್ತದೆ; ಆ ಜಾಲ ಬಿಸಿಯಲ್ಲಿ ತನ್ನ ಹಳೆಯ ಆಕಾರಕ್ಕೆ ಹಿಂದಿರುಗಲು ಎಳೆಯುತ್ತದೆ, ಅಂಚು ಕೆಳಗಿಳಿಯುತ್ತದೆ. ಫ್ರೆಂಚರ ‘ಪಾತ್ ಸುಕ್ರೇ’, ಅಂದರೆ ಸಿಹಿ ಕಣಕದಲ್ಲಿ, ಮೊದಲು ಬೆಣ್ಣೆ ಮತ್ತು ಪುಡಿ ಸಕ್ಕರೆಯನ್ನು ಸೇರಿಸಿ, ನಂತರ ಮೊಟ್ಟೆ, ಕೊನೆಗೆ ಹಿಟ್ಟು ಹಾಕುವುದು ಈ ಕಾರಣಕ್ಕೆ. ಹಿಟ್ಟಿನ ಕಣಗಳಿಗೆ ಬೆಣ್ಣೆ ಲೇಪವಾಗಿ ನೀರು ಸುಲಭವಾಗಿ ತಗುಲುವುದಿಲ್ಲ. ಹಿಟ್ಟು ಬಿದ್ದ ಮೇಲೆ ನಾದುವ ಮಾತೇ ಇಲ್ಲ. ಪುಡಿಪುಡಿಯಾಗಿ ಕಾಣುವ ರಾಶಿಯನ್ನು ಕಟ್ಟೆಯ ಮೇಲೆ ಸುರಿದು, ಅಂಗೈಯ ಹಿಮ್ಮಡಿಯಂಥ ಭಾಗದಿಂದ ಸ್ವಲ್ಪಸ್ವಲ್ಪವನ್ನೇ ಮುಂದಕ್ಕೆ ಒತ್ತಿ ಜಾರಿಸಿ, ಎರಡೇ ಸುತ್ತಿನಲ್ಲಿ ಒಟ್ಟುಗೂಡಿಸಿ, ಚಪ್ಪಟೆಯಾದ ಬಿಲ್ಲೆ ಮಾಡಿ ಮುಚ್ಚಿಟ್ಟುಬಿಡಬೇಕು.

ಎರಡನೆಯ ಕಾರಣ ಬೆಣ್ಣೆ. ನೀವು ಮನೆಯಲ್ಲಿ ಕಡೆದ ಬೆಣ್ಣೆ ಬಳಸಿದ್ದೀರಿ. ರುಚಿಗೆ ಅದಕ್ಕಿಂತ ಮಿಗಿಲಾದದ್ದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅದರಲ್ಲಿ ಮಜ್ಜಿಗೆಯ ನೀರು ಹೆಚ್ಚು ಉಳಿದಿರುತ್ತದೆ. ಆ ನೀರು ಗ್ಲುಟೆನ್ ಬೆಳೆಸುತ್ತದೆ, ಓವನ್‌ನಲ್ಲಿ ಆವಿಯಾಗಿ ಕಣಕವನ್ನು ಕುಗ್ಗಿಸುತ್ತದೆ. ಬಳಸಲೇಬೇಕೆಂದಿದ್ದರೆ ಬೆಣ್ಣೆಯನ್ನು ಐಸ್ ನೀರಿನಲ್ಲಿ ಎರಡು ಮೂರು ಸಲ ತೊಳೆದು, ತೆಳು ಬಟ್ಟೆಯಲ್ಲಿ ಸುತ್ತಿ, ಫ್ರಿಜ್‌ನಲ್ಲಿಟ್ಟು ಗಟ್ಟಿಯಾದ ಮೇಲೆ ನೀರು ಹೋಗುವಂತೆ ಚೆನ್ನಾಗಿ ಅದುಮಿ. ಫ್ರಾನ್ಸಿನ ಬೆಣ್ಣೆಯಲ್ಲಿ ಕನಿಷ್ಠ 82 ಶೇಕಡಾ ಕೊಬ್ಬಿರುತ್ತದೆ, ನಮ್ಮ ಅಂಗಡಿಯ ಪ್ಯಾಕೆಟ್ ಬೆಣ್ಣೆಯಲ್ಲಿ 80. ಈ ಸಣ್ಣ ವ್ಯತ್ಯಾಸದಿಂದ ತೊಂದರೆಯಿಲ್ಲ.

ಮೂರನೆಯದು ವಿಶ್ರಾಂತಿ, ನಾನು ಬಹಳ ಒತ್ತಿ ಹೇಳುವುದು ಇದನ್ನೇ. ಬಿಲ್ಲೆ ಮಾಡಿದ ಮೇಲೆ ಫ್ರಿಜ್‌ನಲ್ಲಿ ಎರಡು ಗಂಟೆ, ಲಟ್ಟಿಸಿ ಅಚ್ಚಿಗೆ ಕೂರಿಸಿದ ಮೇಲೆ ಮತ್ತೊಂದು ಗಂಟೆ, ಓವನ್‌ಗೆ ಹೋಗುವ ಮೊದಲು ಫ್ರೀಜರ್‌ನಲ್ಲಿ ಇಪ್ಪತ್ತು ನಿಮಿಷ. ಕೂರಿಸುವಾಗ ಕಣಕವನ್ನು ಎಳೆದು ಅಂಚಿಗೆ ಮುಟ್ಟಿಸಬೇಡಿ. ಅದನ್ನು ಮೇಲಿನಿಂದ ಸಡಿಲವಾಗಿ ಇಳಿಬಿಟ್ಟು, ತಳ ಮತ್ತು ಗೋಡೆ ಸೇರುವ ಮೂಲೆಗೆ ಬೆರಳಿನಿಂದ ತಳ್ಳಿ. ಆ ಮೂಲೆಯಲ್ಲಿ ಗಾಳಿ ಉಳಿದರೆ ಬೇಯುವಾಗ ಕಣಕ ಅಲ್ಲಿಗೆ ಜಾರುತ್ತದೆ. ನಂತರ ಬಟರ್ ಪೇಪರ್ ಹಾಸಿ, ಅಕ್ಕಿ ಅಥವಾ ಕಡಲೆಕಾಳನ್ನು ಅಂಚಿನ ಮಟ್ಟದವರೆಗೂ ತುಂಬಿ. ಅರ್ಧ ತುಂಬಿದರೆ ಗೋಡೆಗೆ ಆಸರೆಯೇ ಇರುವುದಿಲ್ಲ. ಅದೇ ಅಕ್ಕಿಯನ್ನು ಡಬ್ಬಿಯಲ್ಲಿ ಬೇರೆ ಇಟ್ಟುಕೊಂಡರೆ ವರ್ಷಗಟ್ಟಲೆ ಈ ಕೆಲಸಕ್ಕೇ ಬಳಸಬಹುದು.

ಪ್ರಶ್ನೆ: ಏಪ್ರಿಲ್–ಮೇ ತಿಂಗಳಲ್ಲಿ ನಮ್ಮೂರಿನ ಸೆಕೆಗೆ ಕಣಕ ಲಟ್ಟಣಿಗೆಗೆ ಅಂಟಿ, ಬೆಣ್ಣೆ ಕರಗಿ ಕೈಗೆ ಹತ್ತುತ್ತದೆ. (ಮಂಗಳೂರಿನ ಓದುಗರು)

ಉತ್ತರ: ಎರಡು ಬಟರ್ ಪೇಪರ್‌ಗಳ ನಡುವೆ ಇಟ್ಟು ಲಟ್ಟಿಸಿ, ಒಣ ಮೈದಾ ಉದುರಿಸುತ್ತ ಹೋಗಬೇಡಿ. ಕಣಕ ಮೆತ್ತಗಾಯಿತು ಎನ್ನಿಸಿದ ಕ್ಷಣ ಪೇಪರ್ ಸಮೇತ ಫ್ರಿಜ್‌ಗೆ ಹಾಕಿ ಹತ್ತು ನಿಮಿಷ ಬಿಡಿ. ನಿಮ್ಮ ಊರಿನಲ್ಲಿ ಬೆಳಗಿನ ಆರು ಗಂಟೆಗೆ ಈ ಕೆಲಸ ಮುಗಿಸಿಕೊಳ್ಳುವುದು ಉತ್ತಮ. ಹರಿದರೆ ಗಾಬರಿ ಬೇಡ; ಈ ಕಣಕವನ್ನು ಬೆರಳಿನಿಂದ ಒತ್ತಿ ತೇಪೆ ಹಾಕಬಹುದು, ಬೆಂದ ಮೇಲೆ ಕಾಣುವುದಿಲ್ಲ.

ಪ್ರಶ್ನೆ: ಮೇಲೆ ಎಲ್ಲ ಚೆನ್ನಾಗಿ ಬಂದಿತ್ತು. ಕತ್ತರಿಸಿ ನೋಡಿದರೆ ತಳ ಒದ್ದೆ, ಹಸಿಹಿಟ್ಟಿನ ರುಚಿ. (ಧಾರವಾಡದ ಓದುಗರು)

ಉತ್ತರ: ಬಟ್ಟಲು ಪೂರ್ತಿ ಬೆಂದಿರಲಿಲ್ಲ. ‘ಹೂರಣದ ಜೊತೆ ಮತ್ತೆ ಓವನ್‌ಗೆ ಹೋಗುತ್ತದಲ್ಲ, ಉಳಿದದ್ದು ಆಗ ಬೇಯುತ್ತದೆ’ ಎಂದು ನಾನೂ ಮೊದಲ ವರ್ಷಗಳಲ್ಲಿ ಅಂದುಕೊಂಡಿದ್ದೆ, ಮತ್ತು ಮನೆಗೆ ಬಂದ ಅತಿಥಿಗಳ ತಟ್ಟೆಯಲ್ಲಿ ಬಿಳಿಚಿಕೊಂಡ ತಳವನ್ನು ನೋಡಿ ಬೇಸರಪಟ್ಟಿದ್ದೆ. ಎರಡನೆಯ ಸುತ್ತಿನಲ್ಲಿ ಓವನ್ ಇರುವುದು 130 ಡಿಗ್ರಿಯಲ್ಲಿ. ಅಷ್ಟರಲ್ಲಿ, ಅದೂ ಮೇಲೆ ಒದ್ದೆ ಹೂರಣ ಕುಳಿತಿರುವಾಗ, ಹಸಿ ಕಣಕ ಎಂದಿಗೂ ಗರಿಗರಿಯಾಗದು. ಆದ್ದರಿಂದ ಬಟ್ಟಲು ಮೊದಲ ಸುತ್ತಿನಲ್ಲೇ ತಿನ್ನಲು ಸಿದ್ಧವಾಗಿರಬೇಕು. 170 ಡಿಗ್ರಿಯಲ್ಲಿ ಅಕ್ಕಿಯ ಭಾರದೊಂದಿಗೆ ಇಪ್ಪತ್ತು ನಿಮಿಷ, ಅಕ್ಕಿ ಮತ್ತು ಪೇಪರ್ ತೆಗೆದು ಇನ್ನು ಹತ್ತು ಹನ್ನೆರಡು ನಿಮಿಷ. ಬಣ್ಣ ಮಾರಿ ಬಿಸ್ಕೆಟ್ಟಿನಷ್ಟಾದರೆ ಸಾಲದು. ಅದಕ್ಕಿಂತ ಒಂದು ಮೆಟ್ಟಿಲು ಗಾಢವಾಗಿ, ಹದವಾಗಿ ಹುರಿದ ರವೆಯುಂಡೆಯ ಗೋಡಂಬಿಯ ಬಣ್ಣ ಬರಲಿ. ಹುಳಿ ಹೂರಣಕ್ಕೆ ಎದುರಾಗಿ ನಿಲ್ಲುವುದು ಈ ಕಂದು ಬಣ್ಣದ ಬೆಣ್ಣೆಯ ರುಚಿಯೇ. ನನ್ನ ಮಟ್ಟಿಗೆ ಬಿಳಿಚಾದ ಬಟ್ಟಲಿನ ಟಾರ್ಟ್ ಅರ್ಧ ಅಡುಗೆ.

ಬಿಸಿಯಾಗಿರುವಾಗಲೇ ಒಂದು ಮೊಟ್ಟೆಯ ಹಳದಿಯನ್ನು ಕದಡಿ ಒಳಭಾಗಕ್ಕೆಲ್ಲ ಬ್ರಷ್‌ನಿಂದ ತೆಳುವಾಗಿ ಸವರಿ, ಮತ್ತೆ ಎರಡು ನಿಮಿಷ ಓವನ್‌ನಲ್ಲಿಡಿ. ಅದು ವಾರ್ನಿಷ್‌ನಂತೆ ಒಣಗಿ ಕಣಕದ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಎಲ್ಲಾದರೂ ಬಿರುಕು ಕಂಡರೆ ಉಳಿಸಿಟ್ಟ ಹಸಿ ಕಣಕದ ಚೂರನ್ನು ಮೇಣದಂತೆ ಮೆತ್ತಿ. ಬಿರುಕಿನಿಂದ ಸೋರಿದ ಹೂರಣ ಅಚ್ಚಿಗೆ ಅಂಟಿಕೊಂಡು ಟಾರ್ಟ್ ಹೊರಬರದಂತಾಗುತ್ತದೆ. ಓಟಿಜಿ, ಅಂದರೆ ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್, ಇರುವವರು ಮೊದಲ ಸುತ್ತಿನಲ್ಲಿ ಅಚ್ಚನ್ನು ಕೆಳಗಿನ ಅಂತಸ್ತಿನಲ್ಲಿ ಇಡಲಿ. ಇನ್ನೊಂದು ಮಾತು: ಸಣ್ಣ ಓಟಿಜಿಗಳ ಗುಂಡಿ ತೋರಿಸುವ ಡಿಗ್ರಿಯನ್ನು ನಂಬಬೇಡಿ. ಕೆಲವು ನೂರು ರೂಪಾಯಿಗೆ ಸಿಗುವ ಓವನ್ ಥರ್ಮಾಮೀಟರ್ ಒಂದನ್ನು ಒಳಗೆ ತೂಗುಹಾಕಿ ನೋಡಿದರೆ ಹಲವು ಹಳೆಯ ಸೋಲುಗಳಿಗೆ ಉತ್ತರ ಸಿಕ್ಕೀತು.

ಪ್ರಶ್ನೆ: ಹೂರಣ ಬೆಂದಿದೆ ಎಂದು ತಿಳಿಯುವುದು ಹೇಗೆ? ಕೇಕ್‌ನಂತೆ ಕಡ್ಡಿ ಚುಚ್ಚಿ ನೋಡಿದೆ. ಕಡ್ಡಿ ಸ್ವಚ್ಛವಾಗಿ ಬರುವಷ್ಟರಲ್ಲಿ ನಡುವೆ ದೊಡ್ಡ ಬಿರುಕು ಬಿಟ್ಟಿತ್ತು. ಮೇಲೆಲ್ಲ ಗುಳ್ಳೆಗಳು ಬೇರೆ. (ಶಿವಮೊಗ್ಗದ ಓದುಗರು)

ಉತ್ತರ: ಕಡ್ಡಿಯನ್ನು ಪಕ್ಕಕ್ಕಿಡಿ, ಇಲ್ಲಿ ಕಣ್ಣೇ ಅಳತೆ. ಓವನ್‌ನ ಬಾಗಿಲು ತೆರೆದು ಅಚ್ಚನ್ನು ಇಕ್ಕಳದಿಂದ ಮೆಲ್ಲಗೆ ಅಲುಗಿಸಿ. ಹೂರಣ ಇಡಿಯಾಗಿ ನೀರಿನಂತೆ ಅಲೆಯೆದ್ದರೆ ಇನ್ನೂ ಹಸಿ. ಅಂಚಿನ ಮೂರು ಬೆರಳಗಲ ಜಾಗ ಅಲುಗದೆ ನಿಂತು, ನಡುವಿನ ಒಂದು ಲಿಂಬೆಹಣ್ಣಿನಗಲ ಮಾತ್ರ ಹೆಪ್ಪುಗಟ್ಟಿದ ಮೊಸರಿನ ಕುಡಿಕೆಯನ್ನು ತಟ್ಟಿದಾಗ ನಡುಗುವಂತೆ ನಡುಗಿದರೆ, ಆ ಕ್ಷಣವೇ ಹೊರತೆಗೆಯಬೇಕು. ಆಗ ನಡುವಿನ ಶಾಖ ಸುಮಾರು 70 ಡಿಗ್ರಿ ಇರುತ್ತದೆ. ಹೊರಗೆ ತಣಿಯುವ ಅರ್ಧ ಗಂಟೆಯಲ್ಲಿ ಒಳಗೆ ಉಳಿದ ಬಿಸಿಯೇ ಆ ನಡುವನ್ನು ಗಟ್ಟಿಯಾಗಿಸುತ್ತದೆ. ಓವನ್‌ನಲ್ಲೇ ಪೂರ್ತಿ ಗಟ್ಟಿಯಾದ ಹೂರಣ ಹೊರಬಂದ ಮೇಲೂ ಬೇಯುತ್ತಲೇ ಹೋಗಿ, ಮೊಟ್ಟೆಯ ಜಾಲ ಬಿಗಿದು, ನೀರು ಬಿಟ್ಟು ಬಿರಿಯುತ್ತದೆ. ನಿಮ್ಮ ಟಾರ್ಟ್‌ಗೆ ಆದದ್ದು ಅದೇ.

ಸಮಯವನ್ನು ಹೇಳಬೇಕೆಂದರೆ 130 ಡಿಗ್ರಿಯಲ್ಲಿ ಮೂವತ್ತರಿಂದ ನಲವತ್ತು ನಿಮಿಷ. ಇಪ್ಪತ್ತೈದನೆಯ ನಿಮಿಷದಿಂದಲೇ ನೋಡಲು ಆರಂಭಿಸಿ. ಮೊಟ್ಟೆಗಳು ಫ್ರಿಜ್‌ನಿಂದ ಬಂದ ತಣ್ಣನೆಯವಾದರೆ ಅಂಚು ಬೆಂದುಹೋದರೂ ನಡು ಹಸಿಯಾಗಿಯೇ ಇರುತ್ತದೆ. ಹಾಗಾಗಿ ಹೂರಣವನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು, ಬೆರಳಿಗೆ ಉಗುರುಬೆಚ್ಚಗೆ ಎನ್ನಿಸುವವರೆಗೆ ತಿರುವಿ, ಬಟ್ಟಲೂ ಬೆಚ್ಚಗಿರುವಾಗಲೇ ಸುರಿಯುವುದು ಒಳ್ಳೆಯದು. ತುಂಬಿದ ಅಚ್ಚನ್ನು ಎತ್ತಿಕೊಂಡು ಹೋಗುವುದು ಕಷ್ಟ. ಬಟ್ಟಲನ್ನು ಓವನ್‌ನ ಜಾಲರಿಯ ಮೇಲಿಟ್ಟು, ಜಾಲರಿಯನ್ನು ಅರ್ಧ ಹೊರಗೆಳೆದು, ಅಲ್ಲೇ ಜಗ್ಗಿನಿಂದ ಸುರಿದುಬಿಡಿ.

ಗುಳ್ಳೆಗಳಿಗೆ ಕಾರಣ ಬೀಟರ್. ಈ ಹೂರಣಕ್ಕೆ ಗಾಳಿ ಬೇಡ. ಫೋರ್ಕ್ ಅಥವಾ ಕೈಯ ವಿಸ್ಕ್‌ನಿಂದ, ಪಾತ್ರೆಯ ತಳ ಬಿಟ್ಟು ಮೇಲಕ್ಕೆತ್ತದೆ, ನೊರೆಯೇಳದಂತೆ ಕಲಸಿ, ಸೋಸಿ, ಅರ್ಧ ಗಂಟೆ ಸುಮ್ಮನೆ ಬಿಟ್ಟು, ಮೇಲೆ ತೇಲಿದ ನೊರೆಯನ್ನು ಚಮಚದಿಂದ ತೆಗೆದುಹಾಕಿ.

ಪ್ರಶ್ನೆ: ಒಲೆಯ ಮೇಲೆ ಮಾಡುವ ಕ್ರೀಮ್‌ಗೆ ಲೋಹದಂಥ ರುಚಿ ಬಂದು, ಬಣ್ಣವೂ ಮಾಸಿತು. ಅಲ್ಲಲ್ಲಿ ಬೆಂದ ಮೊಟ್ಟೆಯ ಚೂರುಗಳೂ ಇದ್ದವು. (ದಾವಣಗೆರೆಯ ಓದುಗರು)

ಉತ್ತರ: ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಿರಬೇಕು. ಹುಳಿ ಅದರೊಂದಿಗೆ ಪ್ರತಿಕ್ರಿಯಿಸುತ್ತದೆ. ನಮ್ಮ ಹಿರಿಯರು ಹುಣಿಸೆಹುಳಿಯ ಸಾರನ್ನು ಕಲಾಯಿ ಹೋದ ಪಾತ್ರೆಯಲ್ಲಿ ಮಾಡಗೊಡುತ್ತಿರಲಿಲ್ಲವಲ್ಲ, ಅದೇ ಎಚ್ಚರ ಇಲ್ಲೂ ಬೇಕು. ದಪ್ಪ ತಳದ ಸ್ಟೀಲ್ ಪಾತ್ರೆ ಮತ್ತು ಮರದ ಸೌಟು ಅಥವಾ ಸಿಲಿಕೋನ್ ಚಮಚ ಬಳಸಿ. ಚೂರುಗಳಾಗುವುದು ತಳಕ್ಕೆ ನೇರ ಉರಿ ತಗುಲಿ. ಕುದಿಯುವ ನೀರಿನ ಪಾತ್ರೆಯ ಮೇಲೆ, ನೀರಿಗೆ ತಾಗದಂತೆ ಇನ್ನೊಂದು ಪಾತ್ರೆಯಿಟ್ಟು, ಬಿಡದೆ ತಿರುವಿ. ಸಾದಾ ಮೊಟ್ಟೆ ಈ ಶಾಖಕ್ಕೆ ಮೊದಲೇ ಒಡೆಯುತ್ತದೆ. ಸಕ್ಕರೆ ಹೇರಳವಾಗಿರುವುದರಿಂದ ಇದು 82 ಡಿಗ್ರಿಯವರೆಗೂ ತಾಳಿಕೊಳ್ಳುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಸೌಟಿನ ಬೆನ್ನನ್ನು ನೋಡಿ: ಬೆರಳಿನಿಂದ ಗೆರೆ ಎಳೆದಾಗ ಎರಡೂ ಬದಿಯ ಕ್ರೀಮ್ ಹರಿದು ಬಂದು ಕೂಡಿಕೊಳ್ಳದೆ, ಗೆರೆ ಹಾಗೆಯೇ ನಿಂತರೆ ಹದ ಬಂದಂತೆ. ಕುದಿ ಮಾತ್ರ ಬರಕೂಡದು. ಇಳಿಸಿದ ಕೂಡಲೇ ಸೋಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಮೊಟ್ಟೆಯಿಲ್ಲದೆ ಈ ಟಾರ್ಟ್ ಮಾಡಲು ಸಾಧ್ಯವೇ? (ಉಡುಪಿಯ ಓದುಗರು)

ಉತ್ತರ: ನೇರವಾಗಿ ಹೇಳುವುದಾದರೆ, ಫ್ರೆಂಚ್ ನಿಂಬೆ ಟಾರ್ಟ್‌ನ ಹೂರಣವೆಂದರೆ ಮೊಟ್ಟೆಯೇ, ಅದನ್ನು ತೆಗೆದು ಅದೇ ಹೆಸರಿನಲ್ಲಿ ಕರೆಯುವುದು ಸರಿಯಲ್ಲ. ಆದರೆ ನಿಮ್ಮ ಮನೆಯವರಿಗೆ ಗರಿಗರಿ ಬಟ್ಟಲಿನಲ್ಲಿ ತಣ್ಣನೆಯ ನಿಂಬೆಯ ಸಿಹಿ ತಿನ್ನಿಸಲು ಬೇರೆ ದಾರಿಯಿದೆ, ಅದು ತನ್ನದೇ ರೀತಿಯಲ್ಲಿ ಸೊಗಸಾಗಿರುತ್ತದೆ. ಸಕ್ಕರೆ ಬೆರೆತ ಕಂಡೆನ್ಸ್ಡ್ ಹಾಲಿನ ಒಂದು ಡಬ್ಬಿಗೆ, ಅಂದರೆ ಸುಮಾರು 400 ಗ್ರಾಂಗೆ, 100ರಿಂದ 120 ಮಿಲಿಲೀಟರ್ ನಮ್ಮ ನಿಂಬೆಯ ರಸ, ಸಿಪ್ಪೆಯ ತುರಿ ಮತ್ತು 100 ಮಿಲಿಲೀಟರ್ ದಪ್ಪ ಕ್ರೀಮ್ ಸೇರಿಸಿ ಕಲಸಿ. ನಿಮ್ಮ ಕಣ್ಣೆದುರೇ ಅದು ದಪ್ಪವಾಗುತ್ತದೆ. ಹಾಲನ್ನು ನಿಂಬೆರಸ ಒಡೆಯುವ ಕ್ರಿಯೆಯೇ ಇಲ್ಲೂ ನಡೆಯುವುದು. ಆದರೆ ಹಾಲು ಅಷ್ಟು ಗಟ್ಟಿಯಾಗಿ, ಸಕ್ಕರೆಯಿಂದ ತುಂಬಿರುವುದರಿಂದ ನೀರು ಬೇರ್ಪಡದೆ ನುಣ್ಣಗೆ ಹೆಪ್ಪುಗಟ್ಟುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಮಾಡುವ ಕೀ ಲೈಮ್ ಪೈ ಎಂಬ ತಿನಿಸಿನ ಆಧಾರವೂ ಕಂಡೆನ್ಸ್ಡ್ ಹಾಲು ಮತ್ತು ನಮ್ಮ ಲಿಂಬೆಯಂಥದ್ದೇ ಚಿಕ್ಕ ಹಣ್ಣು. ಪೂರ್ತಿ ಬೆಂದು ತಣಿದ ಬಟ್ಟಲಿಗೆ ತುಂಬಿ ಫ್ರಿಜ್‌ನಲ್ಲಿ ಕನಿಷ್ಠ ನಾಲ್ಕು ಗಂಟೆ ಇಡಿ. ಬಟ್ಟಲಿನ ಕಣಕದಲ್ಲಿ ಮೊಟ್ಟೆಯ ಬದಲು ಎರಡು ದೊಡ್ಡ ಚಮಚ ತಣ್ಣನೆಯ ಹಾಲು ಸಾಕು. ಹಳದಿ ಸವರುವ ಬದಲು ಕರಗಿಸಿದ ಬಿಳಿ ಚಾಕೊಲೇಟನ್ನು ತೆಳುವಾಗಿ ಸವರಿ.

ಕಾರ್ನ್‌ಫ್ಲೋರ್ ಹಾಕಿ ಮಾಡುವ ಕ್ರಮವೂ ಇದೆ. ನನಗೆ ಅದರ ಅಂಟು ಹಿಡಿಸುವುದಿಲ್ಲ. ಮಾಡುವವರು ನೀರು, ಸಕ್ಕರೆ, ಕಾರ್ನ್‌ಫ್ಲೋರನ್ನು ಮೊದಲು ಕುದಿಸಿ ಗಟ್ಟಿಮಾಡಿಕೊಂಡು, ಇಳಿಸಿದ ಮೇಲೆ ನಿಂಬೆರಸ ಹಾಕಬೇಕು. ಹುಳಿಯ ಜೊತೆ ಕುದಿಸಿದರೆ ಅದು ಮತ್ತೆ ನೀರಾಗುತ್ತದೆ.

ಪ್ರಶ್ನೆ: ಇಲ್ಲಿನ ಅಂಗಡಿಗಳಲ್ಲಿ ಮೇಲೆ ಬಿಳಿ ಮೆರಾಂಗ್ (ಮೊಟ್ಟೆಯ ಬಿಳಿ ಮತ್ತು ಸಕ್ಕರೆ ಕಡೆದ ನೊರೆ) ಇರುವ ನಿಂಬೆ ಟಾರ್ಟ್ ಹೆಚ್ಚು ಕಾಣುತ್ತದೆ. ಮನೆಯಲ್ಲಿ ಮಾಡಿದಾಗ ಮೆರಾಂಗ್‌ನ ಅಡಿಯಲ್ಲಿ ನೀರು ಸೇರಿ ಜಾರಿಹೋಯಿತು. (ಫ್ರಾನ್ಸಿನ ಲಿಯೋನ್‌ನಲ್ಲಿರುವ ಕನ್ನಡದ ಓದುಗರು)

ಉತ್ತರ: ಅದನ್ನು ‘ತಾರ್ತ್ ಓ ಸಿತ್ರೋನ್ ಮೆರಾಂಗೇ’ ಎಂದು ಬೇರೆಯಾಗಿಯೇ ಕರೆಯುವುದನ್ನು ನೀವು ಗಮನಿಸಿರುತ್ತೀರಿ. ಹಸಿ ಬಿಳಿಲೋಳೆಗೆ ಸಕ್ಕರೆ ಹಾಕಿ ಕಡೆದು ಮೇಲೆ ಹರಡಿದರೆ, ತಣ್ಣನೆಯ ಹೂರಣವನ್ನು ಮುಟ್ಟುವ ಅಡಿಭಾಗ ಬೇಯದೆ ಉಳಿದು ನೀರಿಳಿಯುತ್ತದೆ. ಇದಕ್ಕೆ ಪಾಕದ ಮೆರಾಂಗ್ ಸರಿಯಾದ ಉಪಾಯ: ಎರಡು ಮೊಟ್ಟೆಯ ಬಿಳಿಗೆ 120 ಗ್ರಾಂ ಸಕ್ಕರೆಯನ್ನು 40 ಮಿಲಿಲೀಟರ್ ನೀರಿನಲ್ಲಿ ಕುದಿಸಿ, 118 ಡಿಗ್ರಿಗೆ ತಂದು, ಕಡೆಯುತ್ತಿರುವ ಬಿಳಿಗೆ ಸಣ್ಣ ಧಾರೆಯಾಗಿ ಸುರಿಯಬೇಕು. ನಮ್ಮ ಅಡುಗೆಯ ಲೆಕ್ಕದಲ್ಲಿ ಇದು ಉಂಡೆಪಾಕ. ತಣ್ಣೀರಿಗೆ ಹನಿ ಬಿಟ್ಟರೆ ಬೆರಳಲ್ಲಿ ಮೆತ್ತನೆಯ ಉಂಡೆ ಕಟ್ಟಬೇಕು. ಪಾತ್ರೆ ಕೈಗೆ ತಣ್ಣಗೆನ್ನಿಸುವವರೆಗೂ ಕಡೆದು ನಂತರ ಹರಡಿ, ಅಡುಗೆಯ ಬ್ಲೋ ಟಾರ್ಚ್‌ನ ಜ್ವಾಲೆಯಿಂದ ಕಂದು ಮಾಡಿ. ಓವನ್‌ನ ಮೇಲಿನ ಕಾಯಿಲ್ ಬಳಸಿದರೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ಬೇಡ. ಜತನದಿಂದ ಬೇಯಿಸಿದ ಹೂರಣಕ್ಕೆ ಮತ್ತೆ ಬಿಸಿ ತಾಗಬಾರದು. ನನ್ನ ಆಯ್ಕೆ ಕೇಳಿದರೆ, ನಾನು ಮೆರಾಂಗ್ ಹಾಕುವುದಿಲ್ಲ. ನಿಂಬೆಯ ಹುಳಿಯನ್ನು ಅದು ಸಿಹಿಯಿಂದ ಮುಚ್ಚಿಬಿಡುತ್ತದೆ.

ಪ್ರಶ್ನೆ: ಹಿಂದಿನ ದಿನವೇ ಮಾಡಿಡಬಹುದೇ? ಕತ್ತರಿಸುವಾಗ ಅಂಚು ಪುಡಿಯಾಗುತ್ತದೆ. (ತುಮಕೂರಿನ ಓದುಗರು)

ಉತ್ತರ: ಕಣಕವನ್ನು ಎರಡು ದಿನ ಮುಂಚೆ, ಬಟ್ಟಲನ್ನು ಹಿಂದಿನ ದಿನ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಡಬಹುದು. ಹೂರಣವನ್ನು ಕಲಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಸಿಪ್ಪೆಯ ಪರಿಮಳ ಇನ್ನೂ ಚೆನ್ನಾಗಿ ಇಳಿಯುತ್ತದೆ, ನೊರೆಯೂ ತಾನಾಗಿ ಮೇಲೆ ಬರುತ್ತದೆ; ಸುರಿಯುವ ಮೊದಲು ಬೆಚ್ಚಗೆ ಮಾಡಿಕೊಳ್ಳಬೇಕು ಅಷ್ಟೇ. ಆದರೆ ತುಂಬಿ ಬೇಯಿಸುವುದು ಬಡಿಸುವ ದಿನದ ಬೆಳಿಗ್ಗೆಯೇ ಆಗಲಿ. ಫ್ರಿಜ್‌ನಲ್ಲಿ ರಾತ್ರಿ ಕಳೆದ ಟಾರ್ಟ್‌ನ ಹೂರಣ ಕೆಡುವುದಿಲ್ಲ, ಬಟ್ಟಲು ಮಾತ್ರ ತೇವ ಹೀರಿ ಮೆತ್ತಗಾಗುತ್ತದೆ. ಎರಡು ಗಂಟೆಯಾದರೂ ತಣಿದ ಮೇಲೆ, ಉದ್ದನೆಯ ತೆಳು ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಹೂರಣದ ಮೂಲಕ ನಿಧಾನವಾಗಿ ಎಳೆಯಿರಿ. ಅಂಚಿಗೆ ಬಂದಾಗ ಗರಗಸದಂತೆ ಎಳೆಯದೆ, ಚಾಕುವಿನ ಬೆನ್ನಿಗೆ ಅಂಗೈಯಿಟ್ಟು ಒಮ್ಮೆಗೇ ಕೆಳಕ್ಕೆ ಒತ್ತಿ. ಪ್ರತಿ ತುಂಡಿಗೂ ಚಾಕುವನ್ನು ಮತ್ತೆ ಒರೆಸಿಕೊಳ್ಳಿ.